ಕರೆಗಂಟೆಯ ಮೇಲೆ ಹೆಸರಿಲ್ಲದೆ

ನಾನು ಆಪ್ತಸಲಹೆಗಾರ್ತಿ. ನನ್ನಲ್ಲಿ ಸಲಹೆ ಪಡೆದ ಒಬ್ಬರ ಕಥೆ ಇದು. ಗುರುತು ಸಿಗದಂತೆ ಹೆಸರು, ಊರು, ಉದ್ಯೋಗದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ.

ಮೊದಲ ಸೆಷನ್ನಿಗೆ ವಿಡಿಯೊ ಕಾಲ್‌ನಲ್ಲಿ ಬಂದಾಗ ಪ್ರದೀಪ ಮೆಟ್ಟಿಲ ಮೇಲೆ ಕೂತಿದ್ದರು. ಮ್ಯೂನಿಕ್‌ನ ಯಾವುದೋ ಹಳೆಯ ಕಟ್ಟಡದ ಮೂರನೇ ಮಹಡಿ. ಸ್ವಲ್ಪ ಹೊತ್ತಿಗೊಮ್ಮೆ ಮೆಟ್ಟಿಲ ದೀಪ ತಾನಾಗಿ ಆರುತ್ತಿತ್ತು. ಅವರು ಎದ್ದು ಗುಂಡಿ ಒತ್ತಿ ಮತ್ತೆ ಬಂದು ಕೂರುತ್ತಿದ್ದರು. "ರೂಮಲ್ಲಿ ಮಾತಾಡೋಕಾಗಲ್ಲ ಮೇಡಂ, ಇನ್ನೊಬ್ರು ಮಲಗಿದಾರೆ" ಎಂದರು. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಆಫೀಸಿನಲ್ಲಿ ಓದಿದ್ದೇ ಮತ್ತೆ ಓದುತ್ತೇನೆ, ಇವು ಅವರು ಹೇಳಿಕೊಂಡ ತೊಂದರೆಗಳು. ವಯಸ್ಸು 33. ಹಾಸನದ ಕಡೆಯವರು, ಎಂಜಿನಿಯರ್. ಹೆಂಡತಿ ಮತ್ತು ಮೂರು ವರ್ಷದ ಮಗಳು ಅರಸೀಕೆರೆಯಲ್ಲಿ, ಹೆಂಡತಿಯ ತವರಿನಲ್ಲಿ.

ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯಾ ಎಂದು ನಾನು ಸುತ್ತಿ ಬಳಸದೆ ಕೇಳುತ್ತೇನೆ, ಎಲ್ಲರನ್ನೂ. ಇಲ್ಲ ಎಂದರು. "ವಾಪಸ್ ಬಂದ್ಬಿಡೋಣ ಅನ್ಸುತ್ತೆ. ಆದ್ರೆ ಬಂದು ಏನಂತ ಹೇಳ್ಲಿ?"

ಮನೆಯ ವಿಷಯ ಬಂದದ್ದು ನಲವತ್ತನೇ ನಿಮಿಷಕ್ಕೆ, ಮುಗಿಸುವ ಹೊತ್ತಿನಲ್ಲಿ. ಹೋಗಿ ಐದು ತಿಂಗಳು, ಅದು ಮೂರನೇ ರೂಮು. ಎರಡನೆಯದನ್ನು ಸೆಪ್ಟೆಂಬರ್ ಮಧ್ಯದಲ್ಲಿ ಬಿಡಬೇಕಾಯಿತು. ಅಕ್ಟೋಬರ್‌ಫೆಸ್ಟ್ ಜಾತ್ರೆ ಶುರುವಾಗುವುದೇ ಸೆಪ್ಟೆಂಬರಿನಲ್ಲಿ. ಆ ದಿನಗಳಲ್ಲಿ ಅದೇ ರೂಮಿಗೆ ಪ್ರವಾಸಿಗರು ರಾತ್ರಿ ಲೆಕ್ಕದಲ್ಲಿ ಎಷ್ಟೋ ಪಟ್ಟು ಕೊಡುತ್ತಾರೆ.

ನಾನು ಕಾನೂನಿನವಳೂ ಅಲ್ಲ, ಮನೆ ಬ್ರೋಕರೂ ಅಲ್ಲ. ಆದರೂ ಎರಡು ಸಂಜೆ ಕೂತು ಜರ್ಮನಿಯ ಬಾಡಿಗೆ ಪದ್ಧತಿಯ ಬಗ್ಗೆ ಓದಿದೆ. ಎದುರಿಗಿರುವವರು ಯಾವ ಬಾಗಿಲ ಮುಂದೆ ನಿಂತು ಬಡಿಯುತ್ತಿದ್ದಾರೆ ಎಂದು ಗೊತ್ತಿಲ್ಲದೆ "ಧೈರ್ಯವಾಗಿರಿ" ಎನ್ನುವುದರಲ್ಲಿ ಅರ್ಥವಿಲ್ಲ. ಓದಿದ ಮೇಲೆ ತಿಳಿದದ್ದು, ಇವರು ಸಿಕ್ಕಿಕೊಂಡಿದ್ದ ಗಂಟಿಗೆ ತುದಿಯೇ ಇಲ್ಲ. ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಅಲ್ಲಿನವರು ಅನ್‌ಮೆಲ್ಡುಂಗ್ ಎನ್ನುತ್ತಾರೆ. 2015ರ ನವೆಂಬರಿನಿಂದ ಅದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣ ಬೇಕು. ತೆರಿಗೆಯ ಗುರುತು ಸಂಖ್ಯೆ ಆ ನೋಂದಣಿಯ ಮೇಲೆ ಅಂಚೆಯಲ್ಲಿ ಬರುತ್ತದೆ. ಆದರೆ ಬಾಡಿಗೆದಾರನಿಂದ ಒಳಬಾಡಿಗೆಗೆ ಹಿಡಿದ ರೂಮುಗಳಲ್ಲಿ "ನೋಂದಣಿ ಮಾಡ್ಕೊಳ್ಳೋ ಹಾಗಿಲ್ಲ" ಎಂಬ ಷರತ್ತು ಹಾಕುತ್ತಾರೆ, ಎಷ್ಟೋ ಸಲ ನಿಜವಾದ ಮಾಲೀಕರಿಗೆ ವಿಷಯ ತಿಳಿಸಿಯೇ ಇರುವುದಿಲ್ಲ. ಇತ್ತ ನೆಟ್ಟಗಿನ ಮನೆ ಕೇಳಲು ಹೋದರೆ ಮೂರು ತಿಂಗಳ ಸಂಬಳ ಚೀಟಿ, ಹಿಂದಿನ ಮಾಲೀಕರಿಂದ ಬಾಕಿ ಇಲ್ಲವೆಂಬ ಪತ್ರ, ಶೂಫಾ ಎಂಬ ಸಂಸ್ಥೆಯಿಂದ ಸಾಲದ ಚರಿತ್ರೆಯ ವರದಿ ಕೇಳುತ್ತಾರೆ. ಹೊಸದಾಗಿ ಬಂದವರಿಗೆ ಚರಿತ್ರೆ ಎಲ್ಲಿಂದ ಬರಬೇಕು?

ಇನ್ನೊಂದು ಸಣ್ಣ ಸಂಗತಿ. ಅಲ್ಲಿ ಕರೆಗಂಟೆಯ ಪಕ್ಕದಲ್ಲೂ ಅಂಚೆಪೆಟ್ಟಿಗೆಯ ಮೇಲೂ ಹೆಸರಿರಬೇಕು, ಇಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ಐದು ತಿಂಗಳಿಂದ ಪ್ರದೀಪರ ಹೆಸರು ಯಾವ ಗಂಟೆಯ ಮೇಲೂ ಇರಲಿಲ್ಲ.

ಎರಡನೇ ಸೆಷನ್ನಿನಲ್ಲಿ ಅವರು ಒಂದು ಎಕ್ಸೆಲ್ ಹಾಳೆ ತೋರಿಸಿದರು. ಅರ್ಜಿ ಹಾಕಿದ ಮನೆಗಳು 112. ದಿನಾಂಕ, ಬಡಾವಣೆ, ಬಾಡಿಗೆ, ಕೊನೆಯಲ್ಲಿ 'ಕಾರಣ' ಎಂಬ ಕಾಲಂ. ಅದರಲ್ಲಿ ಸಾಲುಸಾಲಾಗಿ: ಹೆಸರು. ಬಣ್ಣ. ಜರ್ಮನ್ ಬರಲ್ಲ. ಮಗು. ಅಡುಗೆ ವಾಸನೆ. ಮತ್ತೆ ಬಣ್ಣ. "ಇದನ್ನೆಲ್ಲ ಅವರೇ ಬರೆದು ಕಳಿಸಿದ್ರಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲ ಮೇಡಂ. ಯಾರೂ ಉತ್ತರಾನೇ ಕೊಡಲ್ಲ. ನಾನೇ ತುಂಬಿದ್ದು."

ನಿದ್ದೆ ಹೋದದ್ದು ಎಲ್ಲಿ ಎಂದು ನನಗೆ ಗೊತ್ತಾಯಿತು. ರಾತ್ರಿ ಹನ್ನೊಂದರ ಮೇಲೆ ಕೂತು, ಬಾರದ ಪ್ರತಿ ಉತ್ತರಕ್ಕೂ ತನ್ನ ಮೈಮೇಲಿನದ್ದೋ ಮನೆಯೊಳಗಿನದ್ದೋ ಒಂದು ಕಾರಣ ಹುಡುಕಿ ಬರೆಯುತ್ತಿದ್ದರು.

ಇಲ್ಲಿ ಸಲಹೆಗಾರರು ಎಡವುವ ಜಾಗವಿದೆ. "ಹಾಗೇನಿಲ್ಲ ಬಿಡಿ, ನಿಮ್ಮ ಭ್ರಮೆ" ಎನ್ನಬಹುದಿತ್ತು. ಅದು ಸುಳ್ಳಾಗುತ್ತಿತ್ತು. 2017ರಲ್ಲಿ ಜರ್ಮನಿಯ ಎರಡು ಸುದ್ದಿಸಂಸ್ಥೆಗಳು ಹತ್ತು ನಗರಗಳಲ್ಲಿ ಜರ್ಮನ್ ಮತ್ತು ವಿದೇಶಿ ಹೆಸರುಗಳಲ್ಲಿ ಸುಮಾರು 20,000 ವಿಚಾರಣೆ ಕಳಿಸಿ ಪರೀಕ್ಷೆ ಮಾಡಿದ್ದವು. ಉಳಿದ ವಿವರ ಒಂದೇ ಇದ್ದರೂ ಅರಬ್ಬಿ, ತುರ್ಕಿ ಹೆಸರಿನವರಿಗೆ ಮನೆ ನೋಡಲು ಕರೆ ಬಂದದ್ದು ಕಡಿಮೆ, ಮ್ಯೂನಿಕ್‌ನಲ್ಲಂತೂ ವ್ಯತ್ಯಾಸ ಎದ್ದು ಕಂಡಿತ್ತು. ಇದನ್ನು ಪ್ರದೀಪರಿಗೆ ಹೇಳಿದೆ. ಜೊತೆಗೆ, ಆ ಊರಲ್ಲಿ ಒಂದು ಮನೆಗೆ ಮುಗಿಬೀಳುವ ಜನರಲ್ಲಿ ಜರ್ಮನ್ನರಿಗೂ ಬಹುಪಾಲು ಉತ್ತರ ಬರುವುದಿಲ್ಲ ಎಂದೂ ಹೇಳಿದೆ. ಎರಡೂ ನಿಜ. ಯಾವ ಸಾಲಿಗೆ ಯಾವುದು ಎಂದು ಇಲ್ಲಿ ಕೂತ ನನಗೂ ತಿಳಿಯದು, ಮೆಟ್ಟಿಲ ಮೇಲೆ ಕೂತವರಿಗೂ ತಿಳಿಯದು.

ಕೊಟ್ಟ ಮೊದಲ ಕೆಲಸ, ಆ ಕಾಲಂ ಅಳಿಸಿ 'ಗೊತ್ತು', 'ಅನುಮಾನ', 'ಗೊತ್ತಿಲ್ಲ' ಎಂಬ ಮೂರೇ ಗುರುತು ಹಾಕುವುದು. 112ರಲ್ಲಿ 'ಗೊತ್ತು' ಬಂದದ್ದು ನಾಲ್ಕು. ಮೂರು ಕಡೆ ಮಗು ಬೇಡವೆಂದಿದ್ದರು. ಒಂದು ಕಡೆ ಮಾಲೀಕರು ಬಾಗಿಲಲ್ಲೇ, ಭಾರತದವರಿಗೆ ಕೊಡುವುದಿಲ್ಲ, ಗೋಡೆಗೆ ವಾಸನೆ ಹಿಡಿಯುತ್ತದೆ ಎಂದಿದ್ದರು. ಇಂಥ ತಾರತಮ್ಯದ ವಿರುದ್ಧ ಅಲ್ಲಿ ಕಾನೂನಿದೆ, 2006ರದು. ಪರಿಹಾರ ಕೇಳುವುದಾದರೆ ಎರಡು ತಿಂಗಳೊಳಗೆ ಕೇಳಬೇಕು. ಇದನ್ನು ತಿಳಿಸಿ, ಬಾಡಿಗೆದಾರರ ಸಂಘದಲ್ಲಿ ವಿಚಾರಿಸಿ ಎಂದೆ. ಅವರು ಸಂಘದ ಸದಸ್ಯರಾದರು, ದೂರು ಮಾತ್ರ ಬೇಡವೆಂದರು. ನಾನು ಒತ್ತಾಯಿಸಲಿಲ್ಲ.

"ಒಗ್ಗರಣೆ ಹಾಕಿ ಎಷ್ಟು ದಿನ ಆಯ್ತು?" ಎಂದು ಕೇಳಿದ್ದು ಆ ದಿನವೇ. ಎರಡು ತಿಂಗಳಂತೆ. ಬ್ರೆಡ್ಡು, ಮೊಸರು, ಬಾಳೆಹಣ್ಣು. ಅಂಗಿಗೆ ವಾಸನೆ ಹತ್ತಿದರೆ ಮನೆ ನೋಡಲು ಹೋದಾಗ ಗೊತ್ತಾಗುತ್ತದೆಂಬ ಭಯ. ಊಟ ಸೇರುವುದಿಲ್ಲ ಎಂದಿದ್ದರಲ್ಲ, ಸೇರುವಂಥದ್ದನ್ನು ಮಾಡಿಕೊಂಡೇ ಇರಲಿಲ್ಲ. ವಾರಕ್ಕೆರಡು ದಿನ ಸಾರು ಮಾಡಲೇಬೇಕೆಂದು ಹೇಳಿದೆ. ಇದು ಆಪ್ತಸಲಹೆಯ ಯಾವ ಪಠ್ಯದಲ್ಲೂ ಇಲ್ಲ.

ನಾಲ್ಕನೇ ಸೆಷನ್ನಿನಲ್ಲಿ ಅವರ ಅಪ್ಪನ ಮಾತು ಬಂತು. ನಿವೃತ್ತ ಮೇಷ್ಟ್ರು. ಹಾಸನದ ಮನೆಯ ಮೇಲಿನ ಮಹಡಿ ಬಾಡಿಗೆಗೆ ಕೊಡುತ್ತಾರೆ. ಕೇಳಿಕೊಂಡು ಬಂದವರನ್ನು ಜಗಲಿಯಲ್ಲಿ ಕೂರಿಸಿ, ನೀರು ಕೊಟ್ಟು, ಮೆಲ್ಲಗೆ "ಯಾವ ಕಡೆಯವರು? ನಿಮ್ಮ ಪೈಕಿ ಯಾವುದು?" ಎಂದು ಕೇಳುವುದು. ಮೊಟ್ಟೆ ಬೇಯಿಸುವವರಾ ಎಂದು ಅಮ್ಮ ಒಳಗಿನಿಂದ ಕೇಳಿಸುವುದು. "ಬಂದವರು ಚಪ್ಪಲಿ ಹಾಕ್ಕೊಂಡು ಹೋಗ್ತಿದ್ರು ಮೇಡಂ. ನಾನು ಅಲ್ಲೇ ಓದ್ಕೊಂಡು ಕೂತಿರ್ತಿದ್ದೆ. ಇಷ್ಟು ವರ್ಷ ನೆನಪೇ ಆಗಿರ್ಲಿಲ್ಲ." ಅತ್ತರು. ನಾನು ಏನೂ ಹೇಳಲಿಲ್ಲ, ಹೇಳುವಂಥದ್ದು ಇರಲಿಲ್ಲ.

ಅತ್ತ ಮೇಲೆ ಹೊರಬಂದದ್ದು ಅಸಲು ವಿಷಯ. ಹೆಂಡತಿಗೂ ಅಪ್ಪ ಅಮ್ಮನಿಗೂ ಮನೆ ಸಿಕ್ಕಿದೆ ಎಂದು ಆಗಸ್ಟಿನಲ್ಲೇ ಹೇಳಿಬಿಟ್ಟಿದ್ದರು. ಸಹೋದ್ಯೋಗಿಯ ಫ್ಲ್ಯಾಟಿನಲ್ಲಿ ಭಾನುವಾರ ಊಟಕ್ಕೆ ಹೋದಾಗ ಅಲ್ಲಿಂದಲೇ ವಿಡಿಯೊ ಕಾಲ್ ಮಾಡಿ ಬಾಲ್ಕನಿ ತೋರಿಸಿದ್ದರು. ಆಮೇಲಿನ ಕರೆಗಳಲ್ಲೆಲ್ಲ ನೆಟ್‌ವರ್ಕ್ ಸರಿಯಿಲ್ಲ. ಈಗ ಹೆಂಡತಿಗೆ ವೀಸಾ ಬಂದಿತ್ತು. ಆಕೆ ಇಡ್ಲಿ ಕುಕ್ಕರ್ ಕೊಂಡು, ಮಗಳಿಗೆ ಸ್ವೆಟರ್ ತಂದು, ಟಿಕೆಟ್ ಯಾವತ್ತು ಮಾಡಿಸಲಿ ಎಂದು ದಿನಾ ಕೇಳುತ್ತಿದ್ದರು.

ಎರಡು ಸಾವಿರ ಯೂರೊ ಕಳೆದುಕೊಳ್ಳುವ ಅಂಚಿಗೆ ಹೋದದ್ದೂ ಇದೇ ಅವಸರದಲ್ಲಿ. ಮಾಲೀಕ ಬೇರೆ ದೇಶದಲ್ಲಿದ್ದಾನಂತೆ, ಮನೆ ತೋರಿಸಲು ಆಗದಂತೆ, ಹಣ ಹಾಕಿದರೆ ಕೀಲಿ ಕೊರಿಯರ್‌ನಲ್ಲಿ ಬರುತ್ತದಂತೆ. ಇದು ಹಳೆಯ ಮೋಸ. ನಾನು ಸಾಮಾನ್ಯವಾಗಿ ಅಪ್ಪಣೆಯ ಧಾಟಿಯಲ್ಲಿ ಮಾತಾಡುವುದಿಲ್ಲ, ಅವತ್ತು ಮಾತಾಡಿದೆ: ಕಣ್ಣಾರೆ ಒಳಗೆ ಹೋಗಿ ನೋಡದೆ, ಕರಾರಿಗೆ ಸಹಿ ಆಗದೆ ಒಂದು ಸೆಂಟ್ ಕೂಡ ಕೊಡಬೇಡಿ.

ಮನೆಯವರಿಗೆ ನಿಜ ಹೇಳುವುದನ್ನು ಮಾತ್ರ ಅಪ್ಪಣೆ ಮಾಡಲಾಗದು. ಮೊದಲು ಯಾರಿಗೆ ಹೇಳುವುದು ಸುಲಭ ಎಂದು ಕೇಳಿದೆ. ಹೆಂಡತಿಗೆ ಎಂದರು. ಯಾವ ಮಾತಿನಿಂದ ಶುರು ಮಾಡುತ್ತೀರಿ ಎಂದು ನನ್ನೆದುರು ಹೇಳಿಸಿದೆ. ಮೊದಲ ಸಲ ಅದು ಜರ್ಮನಿಯ ಬಾಡಿಗೆ ಕಾನೂನಿನ ಭಾಷಣವಾಯಿತು. ಮೂರನೇ ಸಲಕ್ಕೆ "ನಾನ್ ನಿಂಗೆ ತೋರ್ಸಿದ್ ಮನೆ ನಮ್ದಲ್ಲ" ಎಂಬಲ್ಲಿಗೆ ಬಂತು. ಅಷ್ಟು ಸಾಕು, ಉಳಿದದ್ದನ್ನು ಅವರು ಕೇಳುತ್ತಾರೆ ಎಂದೆ. ಆ ರಾತ್ರಿಯೇ ಹೇಳಿದರು. ಆಕೆ ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, "ಮನೆ ಇಲ್ದೇ ಇದ್ದಿದ್ದಕ್ಕಲ್ಲ ರೀ" ಎಂದು ಫೋನಿಟ್ಟರಂತೆ. ಎರಡು ದಿನ ಮುನಿಸು. ಮೂರನೇ ದಿನ, ಅರ್ಜಿಗಳ ಪಟ್ಟಿ ಕಳಿಸಿ, ನಾನೂ ನೋಡ್ತೀನಿ ಎಂದರಂತೆ. ನಿದ್ದೆ ಮರಳಿದ್ದು ಅಂದಿನಿಂದ, ಮನೆ ಸಿಗುವುದಕ್ಕೆ ಆರು ವಾರ ಮೊದಲು.

ಹುಡುಕಾಟದ ಬಗ್ಗೆ ನಾನು ಹೇಳಿದ್ದು ಕೆಲವೇ. ಮಾಲೀಕರಿಗೆ ಕಳಿಸುತ್ತಿದ್ದ ಪತ್ರ ಎರಡು ಪುಟವಿತ್ತು, ದಯವಿಟ್ಟು ಎಂಬುದು ಏಳು ಸಲ. ಬೇಡುವವನ ಪತ್ರ ಅದು. ಯಾರ್ಯಾರು ಇರುತ್ತೇವೆ, ಏನು ಕೆಲಸ, ಎಷ್ಟು ಸಂಬಳ, ಯಾವಾಗಿನಿಂದ ಬೇಕು ಎಂದಷ್ಟೇ ಅರ್ಧ ಪುಟಕ್ಕೆ ಇಳಿಸಿ, ಸಹೋದ್ಯೋಗಿಯಿಂದ ಜರ್ಮನ್ ತಿದ್ದಿಸಿದರು. ಹೊಸ ಜಾಹೀರಾತಿಗಾಗಿ ಇಡೀ ದಿನ ಫೋನ್ ನೋಡುವ ಬದಲು ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ರಾತ್ರಿ ಒಂಬತ್ತರ ಮೇಲೆ ಇಲ್ಲ. ಕಂಪನಿಯ ಎಚ್‌ಆರ್‌ಗೆ ನಾಚಿಕೆಯಿಂದ ಹೇಳಿಯೇ ಇರಲಿಲ್ಲ, ಹೇಳಿ ಎಂದೆ. ನಗರದೊಳಗೇ ಬೇಕೆಂಬ ಹಟ ಏಕೆಂದು ಕೇಳಿದಾಗ, ಅಪ್ಪ ನೆಂಟರಿಗೆಲ್ಲ ಮ್ಯೂನಿಕ್ ಎಂದು ಹೇಳಿದ್ದಾರೆ ಎಂಬ ಉತ್ತರ ಬಂತು. ಹೇಳಿದ ಕೂಡಲೇ ಅವರಿಗೇ ನಗು ಬಂತು.

"ಹೆಸರನ್ನ ಡೀಪ್ ಅಂತ ಹಾಕ್ಲಾ ಮೇಡಂ? ಅಲ್ಲಿಯವರ ಹೆಸರಿನ ಥರ ಕೇಳುತ್ತೆ" ಎಂದು ಒಮ್ಮೆ ಕೇಳಿದ್ದರು. ಬೇಡ ಎನ್ನಲಿಲ್ಲ. ಕರೆಗಂಟೆಯ ಮೇಲೆ ಯಾವ ಹೆಸರು ಬರೆಸುತ್ತೀರಿ ಎಂದು ಕೇಳಿದೆ. ಆ ವಿಷಯ ಮತ್ತೆ ಎತ್ತಲಿಲ್ಲ.

ಡಿಸೆಂಬರಿನಲ್ಲಿ ಮನೆ ಸಿಕ್ಕಿತು. ಎಚ್‌ಆರ್‌ನವರು ಕಂಪನಿಯೊಳಗೆ ಒಂದು ಸೂಚನೆ ಹಾಕಿದ್ದರು. ಅದನ್ನು ನೋಡಿದ ಸಹೋದ್ಯೋಗಿಯ ಅತ್ತೆಗೆ ಡಾಖೌನಲ್ಲಿ ಮನೆಯಿತ್ತು. ಮ್ಯೂನಿಕ್‌ನ ಹೊರಗೆ, ಎಸ್2 ಎಂಬ ಲೋಕಲ್ ರೈಲಿನ ದಾರಿಯ ಊರು. ಎರಡು ಕೋಣೆ, ಎಂದರೆ ಹಾಲ್ ಸೇರಿ ಎರಡು, ನಮ್ಮ ಲೆಕ್ಕದಲ್ಲಿ ಒನ್ ಬಿಎಚ್‌ಕೆ. ಕರಾರಿಗೆ ಕೊನೆಯ ದಿನಾಂಕವಿಲ್ಲ. ಬಿಡುವುದಾದರೆ ಮೂರು ತಿಂಗಳು ಮುಂಚೆ ಬರೆದುಕೊಡಬೇಕು. ಠೇವಣಿಯನ್ನು, ಮನೆ ಬಿಸಿ ಮಾಡುವ ಖರ್ಚು ಮುಂತಾದವು ಸೇರಿಸದ ತಿಂಗಳ ಬಾಡಿಗೆಯ ಮೂರು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವಳು ನಾನು, ಸ್ವಲ್ಪ ಹೊಟ್ಟೆ ಉರಿಯಿತು. ಆ ಅಜ್ಜಿಯೂ ಅಡುಗೆಯ ಬಗ್ಗೆ ಕೇಳಿದರಂತೆ. ಕೇಳಿ, ಚಳಿಗಾಲದಲ್ಲೂ ದಿನಕ್ಕೆರಡು ಸಲ ಕಿಟಕಿ ಪೂರ್ತಿ ತೆರೆದು ಗಾಳಿಯಾಡಿಸಬೇಕು, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ ಎಂದು ತಾವೇ ತೆರೆದು ತೋರಿಸಿದರಂತೆ.

ಒಂಬತ್ತನೇ ಸೆಷನ್ ಆ ಮನೆಯ ಅಡುಗೆಕೋಣೆಯಿಂದ. ಅಲ್ಲಿ ಅಡುಗೆಮನೆಯನ್ನು ಎಷ್ಟೋ ಕಡೆ ಬಾಡಿಗೆದಾರರೇ ಹಾಕಿಸಿಕೊಳ್ಳಬೇಕು. ಗೋಡೆಯಿಂದ ಎರಡು ನಲ್ಲಿ ಪೈಪು, ಒಂದು ವೈರು, ನೆಲದ ಮೇಲೆ ಇಂಡಕ್ಷನ್ ಒಲೆ. ಮಾತಾಡುತ್ತಲೇ ಸಾಸಿವೆ ಹಾಕಿ ಮುಚ್ಚಳ ಹಿಡಿದುಕೊಂಡರು. ಹಾಸನದ ಮೇಲಿನ ಮಹಡಿ ಮತ್ತೆ ಖಾಲಿಯಿದೆಯಂತೆ. ಅಪ್ಪನಿಗೆ ಏನಾದರೂ ಹೇಳಬೇಕು, ಹೇಗೆಂದು ತಿಳಿಯುತ್ತಿಲ್ಲ ಎಂದರು. ಅದಕ್ಕೆ ಇನ್ನೊಂದು ಸೆಷನ್ ಇಟ್ಟುಕೊಂಡೆವು.

ಜನವರಿಯಲ್ಲಿ ಅವರ ಹೆಂಡತಿಯಿಂದ ನನಗೆ ಒಂದು ಮೆಸೇಜ್ ಬಂತು, ತಮಗೂ ಮಾತಾಡಬೇಕಿದೆ ಎಂದು. ಗಂಡನ ಮಾತು ಕೇಳಿಸಿಕೊಂಡವಳು ನಾನಾದ್ದರಿಂದ ಕನ್ನಡ ಬಲ್ಲ ಇನ್ನೊಬ್ಬ ಸಲಹೆಗಾರ್ತಿಯ ನಂಬರ್ ಕಳಿಸಿದೆ.