ಓದುಗರ ಪ್ರಶ್ನೆ: ಮರಳು ದಿಬ್ಬ ಯಾಕೆ ಮಸುಕು?

ಪ್ರಶ್ನೆ: ಡಿಸೆಂಬರಿನಲ್ಲಿ ಜೈಸಲ್ಮೇರ್ ಹತ್ತಿರದ ಸಮ್ ದಿಬ್ಬಗಳನ್ನು 150–600 ಮಿ.ಮೀ. ಲೆನ್ಸಿನಲ್ಲಿ ತೆಗೆದೆ. ಬೆಳಿಗ್ಗೆ ಹತ್ತೂವರೆ, ಟ್ರೈಪಾಡ್ ಇತ್ತು, ಶಟರ್ 1/2000. ಒಂದೂ ಶಾರ್ಪ್ ಬಂದಿಲ್ಲ. ಲೆನ್ಸೇ ಕೆಟ್ಟಿದೆಯೇ? — ಓದುಗರು, ಕಾರವಾರ

ಉತ್ತರ: ಲೆನ್ಸಿಗಿಂತ ಹೊತ್ತಿನ ಮೇಲೇ ನಮಗೆ ಅನುಮಾನ. ಹತ್ತೂವರೆಗೆ ಮರಳು ಕಾದು, ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಏಳುತ್ತಿರುತ್ತದೆ. ಬಿಸಿ ಗಾಳಿ ಮತ್ತು ತಂಪು ಗಾಳಿ ಬೆಳಕನ್ನು ಬಾಗಿಸುವ ಪ್ರಮಾಣ ಬೇರೆ ಬೇರೆ. ಅರ್ಧ ಕಿ.ಮೀ. ಇಂಥ ಗಾಳಿ ದಾಟಿ ಬಂದ ಬೆಳಕನ್ನು 600 ಮಿ.ಮೀ. ಲೆನ್ಸು ಹಿಗ್ಗಿಸಿದಾಗ ಆ ಕುಲುಕಾಟವೂ ಹಿಗ್ಗುತ್ತದೆ. ವೇಗದ ಶಟರ್ ಕೈನಡುಕಕ್ಕೆ ಮದ್ದು, ಇದಕ್ಕಲ್ಲ. ಗಾಳಿ ತಿರುಚಿದ ಆಕಾರವನ್ನೇ ಅದು ಹಿಡಿದುಕೊಡುತ್ತದೆ.

ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂದಿನ ಪರದೆಯಲ್ಲಿ) 10 ಪಟ್ಟು ಹಿಗ್ಗಿಸಿ ದಿಬ್ಬದ ನೆತ್ತಿಯ ಗೆರೆ ನೋಡಿ. ಅದು ಕುದಿಯುತ್ತಿದ್ದರೆ ಕ್ಯಾಮೆರಾ ಚೀಲಕ್ಕೆ ಹಾಕಿ, ಚಹಾ ಕುಡಿಯಿರಿ. ಬಿಡಲು ಮನಸ್ಸಿಲ್ಲದಿದ್ದರೆ ಹತ್ತಿಪ್ಪತ್ತು ಫ್ರೇಮ್ ಬರ್ಸ್ಟ್ (ಒಂದರ ಹಿಂದೊಂದು ಸರಸರನೆ) ತೆಗೆದು, ಗಾಳಿ ಅರೆಕ್ಷಣ ತಣಿದ ಒಂದನ್ನು ಆರಿಸಬೇಕು. ಸೂರ್ಯ ಹುಟ್ಟಿದ ಮೊದಲ ಗಂಟೆಯೇ ಒಳ್ಳೆಯದು: ಮರಳು ರಾತ್ರಿಯ ಚಳಿಗೆ ತಣ್ಣಗಿರುತ್ತದೆ, ಓರೆ ಬಿಸಿಲಿಗೆ ಅಲೆಗೆರೆಗಳೂ ಎದ್ದು ಕಾಣುತ್ತವೆ. ನೆಲಕ್ಕೆ ಹತ್ತಿರದ ಗಾಳಿಯೇ ಹೆಚ್ಚು ಕದಡಿರುವುದರಿಂದ ಇನ್ನೊಂದು ದಿಬ್ಬದ ನೆತ್ತಿ ಹತ್ತಿ ತೆಗೆಯಿರಿ. ಸಾಧ್ಯವಾದರೆ ಹತ್ತಿರ ಹೋಗಿ 300ರಲ್ಲಿ ತೆಗೆಯಿರಿ. 

ಬೆಚ್ಚಗಿನ ಕೋಣೆಯಿಂದ ಚಳಿಗೆ ತಂದ ಲೆನ್ಸು ತನ್ನ ಹುಡ್‌ನೊಳಗೇ ಬಿಸಿಗಾಳಿ ಏಳಿಸುತ್ತದೆ. ಅರ್ಧ ಗಂಟೆ ಮೊದಲೇ ಹೊರಗಿಡಿ. ಅಗ್ಗದ ಯು.ವಿ. ಫಿಲ್ಟರ್ ಇದ್ದರೆ ಬಿಚ್ಚಿ.

ಲೆನ್ಸಿನ ಮೇಲೆ ಇನ್ನೂ ಅನುಮಾನವೇ? ಮುಂಜಾನೆ ಕಾರವಾರದ ಟಾಗೋರ್ ಕಡಲತೀರಕ್ಕೆ ಹೋಗಿ. ಮರಳಿಗೆ ಎಳೆದಿಟ್ಟ ದೋಣಿಯ ಮೇಲಿನ ಅಕ್ಷರಗಳನ್ನು 30 ಮೀಟರಿನಿಂದ, ಎಫ್/8ರಲ್ಲಿ (ಇದು ಲೆನ್ಸಿನ ಬೆಳಕುಕಿಂಡಿಯ ಅಳತೆ; ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು) ತೆಗೆಯಿರಿ. ಅಂಚು ಚೊಕ್ಕವಾಗಿ ಬಂದರೆ ಲೆನ್ಸು ಸರಿಯಿದೆ. (ನೌಕಾನೆಲೆಯ ಕಡೆ ಮಾತ್ರ ಲೆನ್ಸು ತಿರುಗಿಸಬೇಡಿ.)

ಪ್ರಶ್ನೆ: ಮರಳಿನಲ್ಲಿ ಟ್ರೈಪಾಡ್ ಕುಸಿಯುತ್ತದೆ, ಆಟೋಫೋಕಸ್ ಅತ್ತಿತ್ತ ಓಡುತ್ತದೆ. ಏನು ಮಾಡಲಿ? — ಓದುಗರು, ಕುಮಟಾ

ಉತ್ತರ: ಕಾಲುಗಳನ್ನು ಒತ್ತಿ, ಇನ್ನು ಇಳಿಯದು ಅನ್ನುವ ತನಕ ಹೂಳಿ. ಸಡಿಲ ಮರಳಾದರೆ ಕಾಲಡಿಗೆ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಇಡಿ. ನಡುಗಂಬ ಎತ್ತಬೇಡಿ. ಚೀಲ ನೇತುಹಾಕಿದರೆ ಅದರ ತಳ ನೆಲಕ್ಕೆ ತಾಗಿರಲಿ. ತೂಗಾಡಿದರೆ ಅದೇ ಕ್ಯಾಮೆರಾವನ್ನು ಅಲುಗಿಸುತ್ತದೆ. 2 ಸೆಕೆಂಡ್ ಟೈಮರ್ ಇಡಿ.

ನುಣ್ಣನೆಯ ಮರಳಿನಲ್ಲಿ ಫೋಕಸ್ ಹಿಡಿಯಲು ಗುರುತೇ ಇರುವುದಿಲ್ಲ. ಬಿಸಿಲು–ನೆರಳು ಕೂಡುವ ನೆತ್ತಿಯ ಅಂಚಿಗೆ ಒಂದೇ ಪಾಯಿಂಟ್ ಇಟ್ಟು ಹಿಡಿದು, ಮ್ಯಾನ್ಯುಯಲ್‌ಗೆ ಬದಲಿಸಿ. ಹತ್ತಿರದ್ದೂ ದೂರದ್ದೂ ಶಾರ್ಪ್ ಬರಲೆಂದು ಎಫ್/22ಕ್ಕೆ ಹೋದರೆ ಡಿಫ್ರಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಚಿತ್ರವೇ ಮೆತ್ತಗಾಗುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 400 ಮಿ.ಮೀ., ಎಫ್/8 ಇಟ್ಟು ಸುಮಾರು 670 ಮೀಟರಿಗೆ ಫೋಕಸ್ ಮಾಡಿದರೂ 335 ಮೀಟರಿನಿಂದಾಚೆಯದಷ್ಟೇ ಶಾರ್ಪ್. ಅದಕ್ಕಿಂತ ಹತ್ತಿರದ ದಿಬ್ಬವೂ ಬೇಕಿದ್ದರೆ ಎರಡು ಮೂರು ಫೋಕಸಿನಲ್ಲಿ ತೆಗೆದು ಜೋಡಿಸಿ.

ಪ್ರಶ್ನೆ: ಮರುಭೂಮಿಯಿಂದ ಬಂದ ಲೆನ್ಸನ್ನು ಹೇಗೆ ಇಡಬೇಕು? — ಓದುಗರು, ಶಿರಸಿ

ಉತ್ತರ: ಮೊದಲು ಝೂಮ್ ತಿರುಗಿಸಲೇಬೇಡಿ, ರಿಂಗಿನ ಸಂದಿಯ ಮರಳು ಒಳಗೆ ಅರೆಯುತ್ತದೆ. ರಬ್ಬರ್ ಬ್ಲೋವರ್, ಆಮೇಲೆ ಮೆತ್ತನೆಯ ಬ್ರಷ್, ಬಟ್ಟೆ ಕೊನೆಗೆ. ನಿಮ್ಮೂರ ಮಳೆಗಾಲದಲ್ಲಿ ಮರಳಿಗಿಂತ ಫಂಗಸ್ ದೊಡ್ಡ ಶತ್ರು: ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ಆರ್ದ್ರತಾ ಮಾಪಕ, ಮುಳ್ಳು ಶೇ. 40–50ರ ನಡುವೆ ಇರಲಿ. ಚರ್ಮದ ಚೀಲದಲ್ಲಿ ಬೇಡ.