ಇಬ್ಬರದ್ದೂ ಒಂದೇ ಸೈನ್ಯ ಆದ್ರೆ?

ಪ್ರಶ್ನೆ: ನಾನೂ ನನ್ ತಮ್ಮಾನೂ ವಾರ್‌ಹ್ಯಾಮರ್ 40,000 ಅಂತ ಮೇಜಿನ ಮೇಲೆ ಬೊಂಬೆ ಸೈನ್ಯ ಇಟ್ಕೊಂಡು ಆಡೋ ಯುದ್ಧದಾಟ ಆಡ್ತೀವಿ ಸಾರ್, ಇಬ್ಬರದ್ದೂ ಸ್ಪೇಸ್ ಮರೀನ್ಸ್ ಅನ್ನೋ ಸೈನ್ಯಾನೇ. ಬರೀ ದಾಳ ಉರುಳಿಸಿದ ಹಾಗಿರುತ್ತೆ, ಮಜಾನೇ ಇಲ್ಲ. ಏನ್ ಮಾಡೋದು?

ಉತ್ತರ: ಎದುರುಬದುರು ನಿಂತ್ಕೊಂಡು ಗುಂಡು ಹಾರಿಸ್ತಾ ಇದ್ರೆ ಹಂಗೇ ಆಗೋದು ಮಾರಾಯ್ರೆ! ಅವರ ಬಂದೂಕು ಬೋಲ್ಟ್ ರೈಫಲ್ ಸ್ಟ್ರೆಂಥ್ (ಹೊಡೆತದ ಬಲ) 4, ಎದುರಿನವನ ಟಫ್‌ನೆಸ್ಸೂ (ತಡ್ಕೊಳ್ಳೋ ಶಕ್ತಿ) 4, ಅಂದ್ರೆ ಗಾಯ ಆಗೋಕೆ ದಾಳದಲ್ಲಿ 4 ಇಲ್ಲಾ ಜಾಸ್ತಿ ಬೀಳ್ಬೇಕು, ಅರ್ಧಕ್ಕರ್ಧ ಚಾನ್ಸು, ಆಮೇಲೆ ಅವನ ಕವಚ ಬೇರೆ ಉಳಿಸುತ್ತೆ. ಕೊಲ್ಲೋದು ಬಿಟ್ಟು ಆಬ್ಜೆಕ್ಟಿವ್, ಅಂದ್ರೆ ಮೇಜಿನ ಮೇಲೆ ಗುರುತು ಹಾಕಿದ ಜಾಗ, ಹಿಡೀರಿ, ಪಾಯಿಂಟ್ಸ್ ಬರೋದು ಅಲ್ಲಿಂದ. ಮೇಜಿನ ಮೇಲೆ ದಪ್ಪ ಪುಸ್ತಕ, ಬಿಸ್ಕೆಟ್ ಡಬ್ಬ ಇಟ್ಟು ಮರೆ ಮಾಡ್ಕೊಳ್ಳಿ. ಅಂದಹಾಗೆ ಒಬ್ಬರು ನೀಲಿ, ಇನ್ನೊಬ್ಬರು ಕೆಂಪು ಬಣ್ಣ ಹಚ್ಚಿ, ನಾನೊಮ್ಮೆ ಎದುರಾಳಿ ಬೊಂಬೇನೇ ನಂದು ಅಂದ್ಕೊಂಡು ಎರಡು ಸಲ ಮುಂದೆ ತಳ್ಳಿದ್ದೆ.