ಬಾಯಿ ಕ್ಯಾನ್ಸರ್ ಚಿತ್ರಕಥೆ: ಜನ ಅರ್ಧಕ್ಕೇ ಏಳೋದು ಯಾಕೆ?
ಬಾಯಿ ಕ್ಯಾನ್ಸರ್ ಬಗ್ಗೆ ಚಿತ್ರದ ಹಾಳೆಗಳನ್ನು ತೋರಿಸ್ತಾ ಕಥೆ ಹೇಳಿದ್ರೆ ಸಾಗರದ ಹಳ್ಳಿಗಳಲ್ಲಿ ಜನ ಅರ್ಧಕ್ಕೇ ಎದ್ದು ಹೋಗ್ತಾರೆ ಅಂದ್ರಲ್ಲ, ಬಹುಶಃ ಮೊದಲ ಹಾಳೆಯಲ್ಲೇ ಕೊಳೆತ ಕೆನ್ನೆ ತೋರಿಸ್ತಿದ್ದೀರಿ. ಅದು ಕೊನೇ ಹಂತ. 'ನಮಗಲ್ಲ' ಅಂತ ಎದ್ದುಬಿಡ್ತಾರೆ.

ಊಟದಿಂದ ಶುರು ಮಾಡಿ: ಸಾರಿನ ಖಾರಕ್ಕೆ ಬಾಯಿ ಉರಿ, ಆಮೇಲೆ ಕಡುಬು ಕಚ್ಚಲು ಬಾಯಿ ತೆರೆಯದಿರುವುದು. ಅಲ್ಲಿ ಕಥೆ ನಿಲ್ಲಿಸಿ, ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ನೋಡಲು ಹೇಳಿ. ಮೂರೂ ಬೆರಳು ಒಳಗೆ ಹೋಗದವರು ದಂತವೈದ್ಯರಿಗೆ ತೋರಿಸಲಿ. ಅದೇ ಕ್ಯಾನ್ಸರ್ ಅಂತ ಮಾತ್ರ ಹೇಳಬೇಡಿ. ನಂತರದ ಹಾಳೆಗೆ ಎರಡು ವಾರವಾದರೂ ಮಾಯದ ಹುಣ್ಣು.

ಚಿತ್ರಗಳಿಗೆ ಹಸೆ ಚಿತ್ತಾರದ (ಮಲೆನಾಡಿನ ಗೋಡೆ ಚಿತ್ರಕಲೆ) ಶೈಲಿ ಅಂದಿದ್ದೀರಿ: ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಗೆರೆ ಸರಿ, ಆದ್ರೆ ಹುಣ್ಣನ್ನು ಹಳದಿಯಲ್ಲಿ ಬರೀರಿ, ಬಿಳಿಯಲ್ಲಿ ಕಳೆದುಹೋಗುತ್ತೆ.

'ಬರೀ ಅಡಿಕೆ ತಿಂದ್ರೇನು?' ಅಂತ ಕೇಳೇ ಕೇಳ್ತಾರೆ, ತೋಟದ ಊರಲ್ವಾ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ 2004ರ ವರದಿಯಲ್ಲಿ ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೇ.